ಅಧಿಕ ನಾಲ್ಕು, ಮೂವತ್ತು

ಬಾಯಿ ತೆರೆದಿತ್ತು, ದವಡಿ ಜೋಮು ಹಿಡಿದಿತ್ತು,
ಅಂಥಾ ಹೊತ್ತಿನ್ಯಾಗ ಕೇಳಿದ್ರು ಲಿಯಾವ್ ಡಾಕ್ಟರು:
"ಪಂಚಾಂಗದ ಸಾಫ್ಟ್‌ವೇರ್ ಬರೀತೀರಂತಲ್ರೀ,
ನಮ್ಮದೂ ಒಂದು ಲೆಕ್ಕ ಐತಿ."
ಹೂಂ ಅನ್ನಾಕ ಬರಲಿಲ್ಲ. ಉಹೂಂ ಅನ್ನಾಕೂ ಬರಲಿಲ್ಲ.
ಹಿಟ್ಟಿನ ಗಿರಣಿಯಂಗ ತಲಿಯೊಳಗ ತಿರುಗಿತು ಯಂತ್ರ.

ಹುಬ್ಬಳ್ಳಿ ಸ್ಟೇಶನ್ ರೋಡು, ಮ್ಯಾಲಿನ ಮಹಡಿ.
ಬೋರ್ಡಿನ್ಯಾಗ ಕೆಂಪು ಒಸಡು, ಬಿಳೇ ಹಲ್ಲು;
ಚೀನಾದವರ ದವಾಖಾನಿ ಅಂದ್ರ
ಟಾಂಗಾದವರು ಬ್ಯಾರೆ ಗುರುತು ಕೇಳತಿದ್ದಿಲ್ಲ.
ಹಾಕಿದಾತ ಇವರಪ್ಪ, ಫೂ-ಸೆನ್ ಲಿಯಾವ್.
ಹುಟ್ಟಿದ್ದು ಕಲಕತ್ತಾ. ಚೀನಾ ಕಂಡಾತಲ್ಲ.
ಮಿರ್ಚಿ ತಿಂದು ಮೂಗು ಒರಸಿಕೊಂಡು
"ಹಗೂರ್ಕ ಉಗುಳ್ರಿ" ಅಂತಿದ್ದ ಮನಶಾ.

ತೀರಿದ್ದು ರೋಗದ ವರ್ಷ, ಜೂನ್ ಇಪ್ಪತ್ತು.
ನಾಕು ಮಂದಿ, ಮಾರಿಗೆ ಬಟ್ಟಿ. ಮರುದಿನ ಗ್ರಹಣ,
ಮಣ್ಣು ತೆಗಿಯಾಕೂ ಆಳು ಸಿಗಲಿಲ್ಲಂತ.
ಅವರ ಲೆಕ್ಕದಾಗ ಅದು ಅಧಿಕ ನಾಲ್ಕು:
ನಾಲ್ಕರ ಹಿಂದ ಮತ್ತೊಂದು ನಾಲ್ಕು.

ಅಧಿಕ ಅಂದ್ರೇನಂತ ನನಗ ಹೇಳಬೇಕಾಗಿಲ್ಲ.
ಬೆಟಗೇರಿ ಪ್ರೆಸ್ಸಿನ್ಯಾಗ ನಮ್ಮವ್ವ
ಪಂಚಾಂಗದ ಮೊಳೆ ಕೂಡಿಸಾಕಿ, ಬೆರಳ ತುದಿ ಯಾವಾಗಲೂ ಕಪ್ಪು:
"ಸಂಕ್ರಮಣ ಬೀಳದ ತಿಂಗಳಿಗೆ ಸ್ವಂತ ಹೆಸರಿಲ್ಲವ್ವ,
ಮುಂದಿನದರ ಹೆಸರು ಕಡ ತರತೈತಿ."
ಅವರದೂ ಹಂಗ. ಕಡ ಮಾತ್ರ ಹಿಂದಿನ ತಿಂಗಳಿನಿಂದ.

ವಾರಗಟ್ಟಲೆ ರಾತ್ರಿ ಕುಂತೆ.
ಸೂರ್ಯನ್ನ ಹದಿನೈದು ಹದಿನೈದು ಡಿಗ್ರಿ ನಡಿಸಿದೆ,
ಅಮಾಸಿ ಹೆಜ್ಜಿ ನಿಮಿಷಕ್ಕ ಹಿಡದೆ.
ರೇಖಾಂಶ ನೂರಾ ಇಪ್ಪತ್ತು, ಅವರ ಶಾಸ್ತ್ರ ಹಂಗ:
ಅಧಿಕ ನಾಲ್ಕು, ಇಪ್ಪತ್ತೊಂಬತ್ತು.
ಸುಮ್ಮನಿರಲಾರದೆ ಹುಬ್ಬಳ್ಳಿದು ಹಾಕಿದೆ, ಎಪ್ಪತ್ತೈದು:
ಅಧಿಕ ನಾಲ್ಕು, ಮೂವತ್ತು.

ತಪ್ಪು ಹುಡುಕಿದೆ. ತಪ್ಪಿರಲಿಲ್ಲ.
ಆ ತಿಂಗಳ ಚಂದ್ರ ಹುಟ್ಟೋ ಹೊತ್ತಿಗೆ
ಅಲ್ಲಿ ನಡುರಾತ್ರಿ ದಾಟಿ ತಾರೀಖು ಹೊಳ್ಳಿತ್ತು,
ಇಲ್ಲಿ ಇನ್ನೂ ಹತ್ತೂವರಿ,
ದುರ್ಗದ ಬೈಲಿನ್ಯಾಗ ಬ್ಯಾರೆ ವರ್ಷ ಆಗಿದ್ರ
ತವಾದ ಮ್ಯಾಲೆ ಎಣ್ಣಿ ಚಟಚಟ ಅನ್ನೋ ಹೊತ್ತು.
ಚಂದ್ರ ಒಂದ. ಗಳಿಗಿ ಒಂದ.
ಸತ್ತ ದಿನ ಎರಡು.

ಹಾಳಿ ತಗೊಂಡು ಹೋದೆ. ಇಕ್ಕಳ ತೊಳೀತಿದ್ರು.
"ಇದ ಅಧಿಕ ಮತ್ತ ಯಾವಾಗ ಬರತೈತ್ರೀ?"
"ಎರಡು ಸಾವಿರದ ಐವತ್ತೆಂಟಕ್ಕ."
ಅರವತ್ತೊಂದರ ಡಾಕ್ಟರು ನಕ್ಕರು:
"ಅಷ್ಟೊತ್ತಿಗೆ ನನ್ನ ಬಾಯಾಗೂ ಒಂದು ಹಲ್ಲು ಇರಂಗಿಲ್ಲ.
ವರ್ಷಾ ಬರೋ ಬರೇ ನಾಲ್ಕರಾಗ ಮಾಡೂಣು."
"ಇಪ್ಪತ್ತೊಂಬತ್ತೋ, ಮೂವತ್ತೋ?"
ನಳ ಬಂದ್ ಮಾಡಿದ್ರು. ಕೈ ಒರಸಿಕೊಂಡ್ರು.
ಕೆಳಗ ಬಸ್ಸಿನ ಕಂಡಕ್ಟರ್ "ಧಾರ್ವಾಡ, ಧಾರ್ವಾಡ" ಕೂಗಿದ.
"ನಮ್ಮಪ್ಪ ಪೀಕಿಂಗಿನ ಗಡಿಯಾರ ನೋಡಿ ಸಾಯಲಿಲ್ರೀ.
ಎಪ್ಪತ್ತೈದು ಇರಲಿ."

ಇತ್ತು. ಆದರ ಮನಿಗೆ ಬಂದು ಮುಂದಿನ ವರ್ಷಗಳು ಓಡಿಸಿದ್ರ
ಕೆಲವು ನಾಲ್ಕಕ್ಕ ಮೂವತ್ತನೇ ದಿನಾನ ಇಲ್ಲ,
ಖಾಲಿ ಚೌಕ, ಒಳಗ ಮಿಣಕೋ ಗೆರಿ.
ಫೋನ್ ಮಾಡಿದೆ. ಬಾಳ ಹೊತ್ತು ಸುಮ್ಮನಿದ್ರು.
"ಇಪ್ಪತ್ತೊಂಬತ್ತು ಮುಗಿದು ಒಂದು ಹುಟ್ಟೋದರ ನಡುವ
ಸಂದಿ ಅಂತ ಇರತೈತಲ್ರೀ?
ಊದಿನಕಡ್ಡಿ ಅಲ್ಲೇ ಹಚ್ಚತೀನಿ.
ಜನ್ಮ ಪೂರಾ ಸಂದ್ಯಾಗ ಕೆಲಸ ಮಾಡಿದಾತ, ಸಿಕ್ಕ ಸಿಗತಾನ."

ಆ ಸಂದಿಗೆ ಒಂದು ಸಾಲು ಬರದೆ.
ಬರಿಯೋವಾಗ ನಾಲಿಗಿ ತಾನ ಹೋಗಿ
ತುಂಬಿಸಿದ ಹಲ್ಲು ಮುಟ್ಟಿ ಮುಟ್ಟಿ ನೋಡತಿತ್ತು.