ಕತ್ತರಿ ಗುರುತು

ಫಾಲ್ಸ್ ಕ್ರೀಕ್, ಆಗಸ್ಟಿನ ಬೆಳಿಗ್ಗೆ.
ಹಿಮ ಇನ್ನೂ ಗಾಜು; ಕುಂಟೆ ಎಳೆದರೆ ಕಿರ್ರೆನ್ನುತ್ತದೆ.

"ಮೊದಲ ಸಲ ಬರೀ ನೋಡು, ಹಾರಬೇಡ"
ಅಂದಿದ್ದಳು ಬ್ರಾನ್ವಿನ್, ಮೂಗಿಗೆ ಬಿಳಿ ಮುಲಾಮು ಬಳಿದುಕೊಳ್ಳುತ್ತ.
ನೋಡಿದೆ. ದಿಬ್ಬದ ತುಟಿಯಾಚೆ ನೆಲವೇ ಇಲ್ಲ,
ಆಕಾಶ, ಒಂದು ಸ್ನೋ ಗಮ್ ಮರದ ನೆತ್ತಿ, ಅಷ್ಟೆ.

ಆ ಕಾಣದ ಕಡೆಯೇ ಬಿದ್ದಿದ್ದ ಹುಡುಗ,
ಬೋರ್ಡು ಇನ್ನೂ ಕಾಲಿಗೆ ಕಚ್ಚಿಕೊಂಡು, ಕೈಗವಸು ಎಲ್ಲೋ.
ಮೇಲೆ ಸರದಿಯಲ್ಲಿ ನಾವು ಏಳು ಜನ.

ಬ್ರಾನ್ವಿನ್‌ಗೆ ಬದಿಯಿಂದ ಕಂಡಿತು.
ತನ್ನೆರಡೂ ಸ್ಕೀ ಕಳಚಿ
ದಿಬ್ಬಕ್ಕೆ ಮೊದಲೇ ನೆಟ್ಟಳು,
ಕತ್ತರಿಯಾಗಿ.

ಮೂರನೇ ಕ್ಲಾಸಿನ ಲೆಕ್ಕದ ಪುಸ್ತಕದಲ್ಲಿ
ಕೆಂಪು ಶಾಯಿಯ ಇದೇ ಗುರುತಿಗೆ ಅತ್ತಿದ್ದೆ.
ತಪ್ಪು ಎಂದಷ್ಟೇ ಓದಿಕೊಂಡಿದ್ದೆ ಇಷ್ಟು ದಿನ.
ಇಲ್ಲಿ: ಕೆಳಗೊಬ್ಬ ಇದ್ದಾನೆ. ನಿಲ್ಲು.

ಹುಡುಗ ಎದ್ದ.
ಏಳೂ ಜನ ಇಳಿದೆವು ಕೈಗವಸು ಹುಡುಕಲು,
ಪಕ್ಕದಿಂದ, ನಡೆದೇ.