ಕಣಿವೆಯ ತಳದಲ್ಲಿ ನಾಲ್ಕು ಪಾಯಿಂಟ್ ಮೂರು

ಹತ್ತೂವರೆಗೆ ಸೆಕೆಂಡ್ ಶಿಫ್ಟ್ ಬಿಟ್ಟು
ಮಾಚೇನಹಳ್ಳಿಯಿಂದ ಹೊರಡುವ ಕಂಪನಿ ಬಸ್ಸಿನಲ್ಲಿ
ಡ್ರೈವರ್ ಹಿಂದಿನ ಸೀಟು ನನ್ನದು;
ಅಲ್ಲೊಂದು ಬಲ್ಬು ಇನ್ನೂ ಉರಿಯುತ್ತದೆ.
ಹೊಳೆ ಸ್ಟಾಪಿಗೆ ಇಪ್ಪತ್ತೆರಡು ನಿಮಿಷ,
ಅಂದರೆ ಎರಡೂವರೆ ಪುಟ,
ವಿದ್ಯಾನಗರದ ರೈಲ್ವೆ ಗೇಟು ಬಿದ್ದಿದ್ದರೆ ನಾಲ್ಕು.
ಗೇಟು ಬೀಳಲಿ ಎಂದು ಹರಕೆ ಹೊರುವವಳು
ಆ ಬಸ್ಸಿನಲ್ಲಿ ನಾನೊಬ್ಬಳೇ.

ಡಿಪ್ಲೊಮಾ ಮುಗಿದು ಹದಿನೇಳು ವರ್ಷ.
ಫೌಂಡ್ರಿಯ ಲ್ಯಾಬಿನಲ್ಲಿ ನನ್ನ ಕೆಲಸ ಮರಳಿನದು:
ತೇವ ಎಷ್ಟು, ಬಿಗಿ ಎಷ್ಟು,
ಒಳಗಿನಿಂದ ಗಾಳಿ ಎಷ್ಟು ಹಾಯುತ್ತದೆ.
ಅರ್ಧ ಗಂಟೆಗೊಮ್ಮೆ ಒಂದು ಹಿಡಿ,
ರಿಜಿಸ್ಟರಿನಲ್ಲಿ ಒಂದು ಸಾಲು.
ಲೆಕ್ಕ ತಪ್ಪಿದರೆ ಹೇಳಬಹುದು,
ಲೈನ್ ನಿಲ್ಲಿಸುವಂತಿಲ್ಲ.
ನಿಲ್ಲಿಸಿ ಎಂಬ ಮಾತಿನ ಕೆಳಗೆ
ಇಂಜಿನಿಯರ್ ಸಹಿಯೇ ಬೇಕು.
ಎ.ಎಂ.ಐ.ಇ.ಗೆ ಫೀಸು ಕಟ್ಟಿದ್ದು ಆ ಒಂದು ಸಹಿಗೆ.
ಕೇಳಿದವರಿಗೆಲ್ಲ ಇನ್‌ಕ್ರಿಮೆಂಟು ಅಂದಿದ್ದೇನೆ,
ಬೇಗ ಅರ್ಥವಾಗುತ್ತದೆ.

ಮನೆಯಲ್ಲಿರುವುದು ಒಂದೇ ಮೇಜು.
ಆ ಕಡೆ ಐಸಿರಿ, ಸೆಕೆಂಡ್ ಪಿಯು. ಈ ಕಡೆ ನಾನು.
ನಡುವೆ ಮಂಡಕ್ಕಿ ಖಾರದ ಬಟ್ಟಲು.
ಇಂಟಿಗ್ರೇಷನ್ ಹೇಳಿಕೊಡುವವಳು ಅವಳು;
ಸರಿಯುತ್ತರಕ್ಕೆ ಒಂದು ಕಡಲೆಬೀಜ.
"ಅಮ್ಮಾ, ಪ್ಲಸ್ ಸಿ ಮತ್ತೆ ಬಿಟ್ಟೆ"
ಮಗ್ಗಿ ತಪ್ಪಿದಾಗ ಅವಳ ಕಿವಿ ಹಿಂಡುತ್ತಿದ್ದ
ನನ್ನದೇ ದನಿ, ಬಡ್ಡಿ ಸಮೇತ.
ಒಳಗೆ ಪಾತ್ರೆ ತೊಳೆಯುತ್ತ ಇವರು ನಗುತ್ತಾರೆ,
ಲೋಟಕ್ಕೆ ಲೋಟ ಬೇಕಂತಲೇ ತಾಗಿಸುತ್ತಾರೆ.

ಕಬ್ಬಿಣ ಇಂಗಾಲದ ನಕ್ಷೆ ಬರೆದು ಬರೆದು
ಈಗ ಕಣ್ಣು ಮುಚ್ಚಿಯೂ ಬರುತ್ತದೆ:
ಎಡಕ್ಕೆ ಎತ್ತರದ ಗುಡ್ಡ, ಅಲ್ಲಿಂದ ಇಳಿಜಾರು,
ಬಲಕ್ಕೆ ಮತ್ತೆ ಏರು.
"ಹುಲಿಕಲ್ ಘಾಟಿ ಇದ್ದ ಹಾಗಿದೆ" ಅಂದಳು ಐಸಿರಿ.
ಹೌದಲ್ಲ.
ಕಣಿವೆಯ ತಳದಲ್ಲಿ ನಾಲ್ಕು ಪಾಯಿಂಟ್ ಮೂರು,
ಎಲ್ಲಕ್ಕಿಂತ ಕಡಿಮೆ ಬಿಸಿಗೆ ಕರಗುವ ಜಾಗ.
ಅದರ ಮಗ್ಗುಲಲ್ಲೇ ನಮ್ಮ ಕುಲುಮೆ,
ಲ್ಯಾಡಲ್ ಹಿಡಿದ ಗುತ್ಯಪ್ಪ, ನಜೀರ್ ಸಾಬ್,
ಮೊನ್ನೆ ಸೇರಿದ ಆನವಟ್ಟಿಯ ಹುಡುಗ.
ಪುಸ್ತಕದ ನಕ್ಷೆಯಲ್ಲಿ ಅವರ ಗುರುತಿಲ್ಲ.
ಪೆನ್ಸಿಲಿನಲ್ಲಿ ನಾನೇ ಮೂರು ಚುಕ್ಕಿ ಇಟ್ಟಿದ್ದೇನೆ.

ನಾಲ್ಕು ವರ್ಷದ ಹಿಂದೆ,
ದೀಪಾವಳಿ ರಜೆಗೆ ಎರಡು ದಿನ ಇದ್ದಾಗ,
ತೇವ ಐದು ದಾಟಿತ್ತು.
ಹೇಳಿದೆ. ಬರೆದೂ ಕೊಟ್ಟೆ.
ಶಿಫ್ಟ್ ಇಂಜಿನಿಯರ್ ಒಳ್ಳೆಯವನೇ,
ನನಗಿಂತ ಹತ್ತು ವರ್ಷ ಚಿಕ್ಕವನು,
"ಇದೊಂದು ಹೀಟ್ ಮುಗಿಸೋಣ ಮೇಡಂ" ಅಂದ.
ಒದ್ದೆ ಮರಳಿಗೆ ಕರಗಿದ ಕಬ್ಬಿಣ ಬಿದ್ದರೆ
ಆವಿ ಹೊರಗೆ ದಾರಿ ಹುಡುಕುತ್ತದೆ,
ಪರೀಕ್ಷೆಯಲ್ಲಿ ಅದು ಎರಡಂಕದ ಪ್ರಶ್ನೆ.
ಅವತ್ತು ಅದಕ್ಕೆ ಸಿಕ್ಕ ದಾರಿ
ಗುತ್ಯಪ್ಪನ ಬಲಗಾಲಿನ ಬೂಟಿನ ಬಾಯಿ.

ಆರು ವಾರಕ್ಕೆ ಮರಳಿ ಬಂದ. ಬೈಯಲಿಲ್ಲ.
ಲ್ಯಾಬಿನ ಬಾಗಿಲಲ್ಲಿ ನಿಂತು
"ನೀವು ಹೇಳಿದ್ರಂತೆ" ಅಂದ, ಅಷ್ಟೆ.
ಹೇಳಿದ್ದೆ.
ಹೇಳಿದ್ದೆ ಎಂಬುದು ಎಷ್ಟು ಚಿಕ್ಕ ಮಾತು.
ಅದರ ಮುಂದಿನ ಸೋಮವಾರ ಅರ್ಜಿ ತುಂಬಿದೆ.

ಈಗ ಲೋಹಶಾಸ್ತ್ರ ಮುಗಿದಿದೆ, ಗಣಿತವೂ
ಐಸಿರಿಯ ಕಡಲೆಬೀಜದ ದಯೆಯಿಂದ.
ನಿನ್ನೆ ಬಂದ ಫಲಿತಾಂಶದಲ್ಲಿ ಒಂದು ಉಳಿಯಿತು,
ಮೂರನೇ ಸಲ, ನಾಲ್ಕು ಅಂಕಕ್ಕೆ.
ಮೇಜಿನ ಆ ಕಡೆಯಿಂದ ಯಾರೂ ಕಿವಿ ಹಿಂಡಲಿಲ್ಲ.
ಅದೇ ಬೇಜಾರು.

ಇವತ್ತು ಗೇಟು ಬಿದ್ದಿತ್ತು.
ಹಿಂದಿನ ಸೀಟಿನಿಂದ ಗುತ್ಯಪ್ಪ ಕುಂಟುತ್ತ ಬಂದು
ಕಂಬಿ ಹಿಡಿದು ನಿಂತ, ನೆರಳು ಪುಸ್ತಕಕ್ಕೆ ಬೀಳದ ಹಾಗೆ.
"ಎಷ್ಟು ಉಳೀತು ಮೇಡಂ?"
"ಒಂದು."
"ಕಬ್ಬಣದ್ದಾ?"
"ಅಲ್ಲಪ್ಪ. ಸಮಾಜ ಮತ್ತು ಪರಿಸರ."
ಸ್ವಲ್ಪ ಹೊತ್ತು ಕಿಟಕಿಯಾಚೆ ನೋಡಿದ.
ಗೂಡ್ಸು ಹೋಗುತ್ತಲೇ ಇತ್ತು.
"ಸಮಾಜದ್ದಾ," ಅಂದ, "ಅದು ಕಷ್ಟಾನೇ ಬಿಡಿ."

ಗೇಟು ಎದ್ದಿತು.
ನಾನಿನ್ನೂ ಮೂರನೇ ಪುಟದಲ್ಲಿದ್ದೆ.