ಗಿಡ ಅಂತಲೇ ಬರಕೋ

ಏಣಿ ಅಲ್ಲೇ ಗೋಡೆಗೆ ಒರಗಿಸು, ತಮ್ಮಾ.
ಗರಗಸ ಕೆಳಗಿಡು. ಮೊದಲು ಕೂತುಕೋ.
ಟಿಕಿಪಾಯಾದ ಏರು ಹತ್ತಿ ಬಂದಿದ್ದೀಯ ಈ ಬಿಸಿಲಲ್ಲಿ,
ಕಂಪನಿಯವರು ನಿನಗೊಂದು ಟೋಪಿಯನ್ನೂ ಕೊಟ್ಟಿಲ್ಲ.

ಏನಂತ ಬರೆದಿದೆ ಆ ಕಾಗದದಲ್ಲಿ, ಗಟ್ಟಿಯಾಗಿ ಓದು.
‘ಕಾಸಿಯಾನಾ ಚೋಕೆ ಅವರ ಅಂಗಳದ ಮರ
ವಿದ್ಯುತ್ ತಂತಿಗೆ ತಾಗುತ್ತಿದೆ.’
ಅಂಗಳ ನನ್ನದು, ಒಪ್ಪಿದೆ. ತಂತಿ ನಿಮ್ಮದು, ಅದೂ ಒಪ್ಪಿದೆ.
ಮರ ಎಲ್ಲಿದೆ, ತೋರಿಸು.

ಅದು ಮೆಣಸಿನ ಗಿಡ.
ನಗಬೇಡ. ಸೂರು ದಾಟಿದೆ, ನಿಜ.
ಬುಡ ನನ್ನ ಮೊಣಕೈಯಷ್ಟು ದಪ್ಪ, ತೊಗಟೆ ಬಿರಿದಿದೆ,
ಕುಂಟ ಹುಂಜ ರಾತ್ರಿ ಅದರ ಮೇಲೇ ಮಲಗುತ್ತೆ.
ಆದರೂ ಎಲೆ ಮುಟ್ಟಿ ನೋಡು:
ಹಸುಗೂಸಿನ ಕಿವಿಯ ಮೇಲಿರುವಂಥ ರೋಮ.
ಹೂ ನೋಡು, ನೇರಳೆ.
ಇಷ್ಟೆತ್ತರ ಬೆಳೆದೂ ನೆಲ ನೋಡಿಕೊಂಡು ಅರಳುತ್ತೆ.

ನಾನು ನೆಟ್ಟದ್ದಲ್ಲ.
ಹೆಂಚು ತೆಗೆದು ತಗಡು ಹೊದಿಸಿದ ವರ್ಷ
ಅರೆದ ಕಲ್ಲು ತೊಳೆದು ಚೆಲ್ಲಿದ ನೀರಲ್ಲಿ
ಒಂದು ಬೀಜ ಉಳಕೊಂಡಿತ್ತು.
ಬೇರೆ ಮೆಣಸಿಗೆಲ್ಲ ಬಿಳಿಚಿದ ಬೀಜ,
ಲೊಕೊಟೊದ್ದು ಮಾತ್ರ ಕಪ್ಪು, ಕಣ್ಣುಪಾಪೆಯ ಹಾಗೆ.
ಎರಡು ವರ್ಷ ಬರೀ ಎಲೆ.
ನನ್ನ ಗಂಡ ನಿಕಾಸಿಯೊ ಅಂದ: ‘ಕೀಳು, ಇದು ಬಂಜೆ.’
ಅವನಮ್ಮ ಆ ಮಾತು ನನಗೂ ಅಂದಿದ್ದಳು, ಏಳು ವರ್ಷ.
ಕೀಳಲಿಲ್ಲ.
ಮೂರನೇ ವರ್ಷ ಅದು ಕಾಯಿ ಬಿಟ್ಟಿತು.
ನಾನು ಬಿಡಲಿಲ್ಲ.
ಬಿಡು ಆ ಮಾತು.

ಗಿಡದಲ್ಲಿ ಬಗ್ಗದ್ದು ಮರದಲ್ಲಿ ಬಗ್ಗೀತೇ ಅಂತಾರಲ್ಲ.
ಒದ್ದೆ ಕಂಬಳಿ ಹರವಿದರೆ ಇದು ಈಗಲೂ ಬಗ್ಗುತ್ತೆ,
ಇಳಿಸಿದರೆ ನೆಟ್ಟಗಾಗುತ್ತೆ.
ಬಗ್ಗುತ್ತೆ ಅಂದಮೇಲೆ ಗಿಡವೇ.
ಬರಕೋ.

ಹೋದ ಜೂನ್‌ನಲ್ಲಿ, ಸಂತ ಜುವಾನ್‌ನ ರಾತ್ರಿ,
ಕೊಡದ ನೀರಿನ ಮೇಲೆ ಗಾಜು ಕಟ್ಟುವ ಚಳಿ.
ಒಲೆಯ ಬೂದಿ ತಂದು ಬುಡಕ್ಕೆ ಸುರಿದೆ. ಸಾಲಲಿಲ್ಲ.
ಪೆಟ್ಟಿಗೆ ತೆರೆದು ನನ್ನ ನೆರಿಗೆಲಂಗಗಳನ್ನೆಲ್ಲ ಹೊರಗೆಳೆದೆ,
ಹಸಿರು ಮಖಮಲ್ಲಿನದು, ಮದುವೆಯ ಗುಲಾಬಿ,
ನಿಕಾಸಿಯೊನ ಮಣ್ಣಿಗೆ ಉಟ್ಟ ಕಪ್ಪು,
ಒಂದರ ಮೇಲೊಂದು ಉಡಿಸಿದೆ, ಕುರ್ಚಿ ಹತ್ತಿ.
ನೆತ್ತಿಗೆ ನನ್ನ ಬಿಳಿ ಹ್ಯಾಟು.
ಬೆಳಗ್ಗೆ ಮಂಜಿನಲ್ಲಿ ಹಾಲಿನವನು ಬಂದು
ಗಿಡಕ್ಕೇ ತಲೆಬಾಗಿ ‘ನಮಸ್ಕಾರ ದೋನ್ಯಾ’ ಅಂದ,
ಹಾಲಿನ ಬಾಕಿಯನ್ನೂ ಕೇಳಿದ.
ನಾನು ಕಿಟಕಿಯ ಹಿಂದೆ ಬಾಯಿ ಮುಚ್ಚಿಕೊಂಡು ನಿಂತಿದ್ದೆ.
ಅಷ್ಟು ನಕ್ಕು ಎಷ್ಟು ಕಾಲವಾಗಿತ್ತೋ.

ತಗೋ, ಬಿಸಿ ಆಲೂಗಡ್ಡೆ.
ಇದು ಈಗಷ್ಟೇ ಅರೆದದ್ದು: ಟೊಮೇಟೊ, ಉಪ್ಪು,
ಕಿರ್ಕಿನ್ಯಾ ಸೊಪ್ಪು, ಕೆಂಪು ಹಣ್ಣಿನ ಅರ್ಧ.
ಸ್ವಲ್ಪವೇ ಅದ್ದು. ಸ್ವಲ್ಪ ಅಂದೆನಲ್ಲ!
ನೀರು ಕುಡಿಯಬೇಡ, ಇನ್ನೂ ಉರಿಯುತ್ತೆ.
ಮೂಗು ಒರೆಸಿಕೋ. ಅಳು ಬಂದರೆ ಅಳು,
ಈ ಬೆಂಚಿನ ಮೇಲೆ ಪಾದ್ರಿಯೇ ಅತ್ತಿದ್ದಾರೆ.
ಈಗ ಹೇಳು,
ಯಾವ ಮರಕ್ಕೆ ಇಷ್ಟು ಸಿಟ್ಟಿರುತ್ತೆ?

ಸರಿ, ಏಳು.
ತಂತಿಗೆ ತಾಗುವುದು ಒಂದೇ ರೆಂಬೆ, ಆ ಬೀದಿ ಕಡೆಯದು.
ಕರೆಂಟು ಆರಿಸಿದ್ದೀಯ ತಾನೇ? ಮತ್ತೊಮ್ಮೆ ನೋಡಿಕೋ.
ಹಗ್ಗ ಹಾಕಿ ಕೆಳಗೆಳೆ, ಮೆಲ್ಲಗೆ,
ಹಳೇ ಕಬ್ಬಿಣದ ಮಂಚದ ಕಾಲಿಗೆ ಬಿಗಿ.
ಮುರಿದರೆ ಮುರಿಯಲಿ, ಒಂದು ರೆಂಬೆ.
ಮುರಿಯಲಿಲ್ಲ, ನೋಡಿದೆಯಾ.

ಗರಗಸ ಮರೀಬೇಡ, ತಗೊಂಡು ಹೋಗು.
ಜೇಬಿಗೆ ನಾಲ್ಕು ಹಣ್ಣು ಹಾಕಿದ್ದೇನೆ,
ಆ ಕೈಯಿಂದ ಮನೆಯ ಮಗುವನ್ನು ಮುಟ್ಟಬೇಡ.
ಏಣಿ ಮಾತ್ರ ಬಿಟ್ಟು ಹೋಗು.
ತುದಿಯ ಹಣ್ಣು ನನ್ನ ಕೈಗೆ ಸಿಕ್ಕಿ ಎರಡು ವರ್ಷವಾಯ್ತು,
ಎಲ್ಲ ಹಕ್ಕಿಯ ಪಾಲು, ಅವಕ್ಕೆ ಖಾರವೇ ಹತ್ತಲ್ಲ.
ಗುರುವಾರ ಬಾ, ಕೊಡುತ್ತೇನೆ.
ಶುಕ್ರವಾರ ಅಂದುಕೋ.